ವಸತಿ ಸಮಿತಿ

ಸಮಿತಿ ಅಂದರೆ ನಾನೊಬ್ಬಳೇ.
ಒಂದು ಎಕ್ಸೆಲ್ ಹಾಳೆ, ಮೂಲೆ ಒಡೆದ ಫೋನು,
ಪೆರಿಯದ ಮುರಕಲ್ಲ ಗುಡ್ಡದ ಮೇಲೆ
ಹನ್ನೊಂದು ಕೋಣೆಯ ಅತಿಥಿಗೃಹ.
ಬರುವವರು ಮೂವತ್ತನಾಲ್ಕು.

ಮೊದಲ ಪತ್ರದಲ್ಲೇ ಬರೆದಿದ್ದೆ:
ಕಾಸರಗೋಡಿನಲ್ಲಿ ಇಳಿಯಬೇಡಿ,
ಟಿಕೆಟು ಮಾಡುವಾಗ ಕಾಞಂಗಾಡ್ ಎಂದು ಹುಡುಕಿ;
ನಮ್ಮ ಅಜ್ಜಿ ಅದಕ್ಕೆ ಹೊಸದುರ್ಗ ಅನ್ನುತ್ತಿದ್ದರು,
ಹಾಗಂದರೆ ರೈಲಿಗೆ ತಿಳಿಯುವುದಿಲ್ಲ.
ಅಜ್ಜಿಯ ಮಾತು ಬರೆಯಬಾರದಿತ್ತು.
ಸೊಲ್ಲಾಪುರದ ಪ್ರೊಫೆಸರ್ ಹಂಚಾಟೆ
ಹೊಸದುರ್ಗಕ್ಕೇ ಬುಕ್ ಮಾಡಿಸಿದ್ದಾರೆ,
ಚಿತ್ರದುರ್ಗ ಜಿಲ್ಲೆಯದಕ್ಕೆ.
"ಎರಡು ದುರ್ಗದ ನಡುವೆ ಘಟ್ಟ ಉಂಟು ಸಾರ್" ಅಂದೆ.
"ಹಂಗಾ? ಮತ್ತ ಹೆಸರು ಯಾಕ ಒಂದಽ ಇಟ್ಟೀರಿ?"
ಅಂದರು, ಇಟ್ಟವಳು ನಾನೇ ಎಂಬಂತೆ.

ದಿಲ್ಲಿಯ ವಿದ್ವಾಂಸರು
ತಮ್ಮ ಗೋಷ್ಠಿ ಎಷ್ಟು ಗಂಟೆಗೆ ಎಂದು ಕೇಳುವ ಮೊದಲು
ಬೇಕಲ ಕೋಟೆ ಎಷ್ಟು ದೂರ ಎಂದು ಕೇಳಿದರು.
ಒಬ್ಬರಿಗೆ ಕೆಳಮಹಡಿಯೇ ಆಗಬೇಕು, ಮೊಣಕಾಲು.
ಇನ್ನಿಬ್ಬರನ್ನು ಒಂದೇ ಕೋಣೆಗೆ ಹಾಕುವಂತಿಲ್ಲ,
ಒಂದು ಪ್ರತ್ಯಯದ ಮೂಲದ ವಿಷಯಕ್ಕೆ
ಹತ್ತೊಂಬತ್ತು ವರ್ಷದಿಂದ ಮಾತು ಬಿಟ್ಟವರು.

ಹೀಗೆ ಹೆಸರನ್ನು ಕೋಣೆಗೆ, ಕೋಣೆಯನ್ನು ರೈಲಿಗೆ
ಗಂಟುಹಾಕುತ್ತ ಕೊನೆಯ ಸಾಲಿಗೆ ಬಂದೆ.
ಮೈರೆ. ಬಾಯಾರು.
ಪದನಾಮ ಖಾಲಿ, ಸಂಸ್ಥೆ ಖಾಲಿ,
ಇಮೇಲ್ ಇದ್ದಲ್ಲಿ ಒಂದು ಗೆರೆ.

ಸಮ್ಮೇಳನ ಅಳಿವಿನಂಚಿನ ನುಡಿಗಳದ್ದು.
ಎರಡನೇ ದಿನ ಕೊರಗ ಭಾಷೆಯ ಮೇಲೆ ನಾಲ್ಕು ಪ್ರಬಂಧ,
ನಾಲ್ಕರಲ್ಲೂ ಉದಾಹರಣೆ ಇವರ ಬಾಯಿಯದೇ:
ಅನ್ನ ಬೆಂದಿತು.
ನಾಯಿ ಬರುವುದಿಲ್ಲ.
ನಿನ್ನೆ ನೀನು ಎಲ್ಲಿದ್ದೆ?
ಅಡಿಟಿಪ್ಪಣಿಯಲ್ಲಿ: ಮಾಹಿತಿದಾರೆ ೧, ಸ್ತ್ರೀ, ೭೧.

ಜಿಲ್ಲೆಯೊಳಗಿನವರಿಗೆ ವಸತಿ ಇಲ್ಲ, ಅದು ನಿಯಮ.
ಬಾಯಾರು ಜಿಲ್ಲೆಯೊಳಗೇ ಉಂಟು, ಯಾರು ಇಲ್ಲವೆಂದದ್ದು?
ಉಪ್ಪಳಕ್ಕೆ ಒಂದು ಬಸ್ಸು, ಕಾಸರಗೋಡಿಗೆ ಒಂದು,
ಇಲ್ಲಿಗೆ ಇನ್ನೊಂದು.
ವಂದನಾರ್ಪಣೆ ಮುಗಿಯುವುದು ಆರೂಕಾಲಕ್ಕೆ,
ಮುಗಿದರೆ.
ಅಷ್ಟರಲ್ಲಿ ಉಪ್ಪಳದ ಕಡೇ ಬಸ್ಸು
ಇವರಿಲ್ಲದೆ ಗುಡ್ಡ ಹತ್ತಿರುತ್ತದೆ.
ದಿಲ್ಲಿಗೆ ರಾತ್ರಿಯೂ ದಾರಿ ಉಂಟು,
ಬಾಯಾರಿಗಿಲ್ಲ.

"ಟೀಚರೇ, ಪದನಾಮ ತುಂಬಿಸದಿದ್ದರೆ
ಸಾಫ್ಟ್‌ವೇರು ತೆಗೆದುಕೊಳ್ಳುವುದಿಲ್ಲ" ಎಂದರು
ಲೆಕ್ಕಪತ್ರದ ಪದ್ಮನಾಭನ್. ಒಳ್ಳೆಯ ಮನುಷ್ಯ.

ನೆರೆಮನೆ ಹುಡುಗನ ಫೋನಿಗೆ ಕರೆ ಮಾಡಿ
ನನ್ನ ಹರಕು ತುಳುವಿನಲ್ಲಿ ಹೇಳಿದೆ:
ಒಂದು ರಾತ್ರಿ ಇಲ್ಲೇ ಮಲಗಿ, ಏಸಿ ಕೋಣೆ ಕೊಡಿಸುತ್ತೇನೆ.
ಸ್ವಲ್ಪ ಹೊತ್ತು ಬರೀ ಕೋಳಿಯ ಸದ್ದು.
"ತಂಗಿಯನ್ನು ಬಿಟ್ಟು ಆಗುವುದಿಲ್ಲ ಮಗಾ.
ಮಕ್ಕಳದೆಲ್ಲ ಈಗ ತುಳು, ಶಾಲೆಯದು ಬೇರೆ.
ರಾತ್ರಿ ಲೈಟು ಆರಿಸಿದ ಮೇಲೆ
ನಾವಿಬ್ಬರೇ ಅದನ್ನು ಆಡುವುದು.
ಒಂದು ರಾತ್ರಿ ನಿಂತರೆ..." ಅಂದವರು ಅಲ್ಲಿಗೇ ಬಿಟ್ಟು
"ಅಲ್ಲಿ ಚಾ ಎಷ್ಟೊತ್ತಿಗೆ?" ಎಂದು ಕೇಳಿದರು.

ದಿಲ್ಲಿಯವರನ್ನು ಬೇಕಲದ ಹೋಟೆಲಿಗೆ ದೂಡಿದೆ.
ಕಿಟಕಿಯಲ್ಲಿ ಸಮುದ್ರ ಕಾಣುತ್ತದಂತೆ, ನೋಡಿಕೊಂಡಿರಲಿ.
ಏಳನೇ ಕೋಣೆ ಬಿಟ್ಟುಸಿಕ್ಕಿತು.
ಅತಿಥಿಗೃಹದ ಬೀಫಾತಿಮಾಗೆ ಹೇಳಿದ್ದೇನೆ:
ಮಂಚ ಎರಡನ್ನೂ ಕೂಡಿಸಿ ಹಾಕು,
ನಡುವಿನ ಮೇಜು ಹೊರಗಿಡು,
ಏಸಿ ಬೇಡ, ಅದರ ಗೊರಗೊರ ಜಾಸ್ತಿ.
"ಯಾರು ಬರುವುದು, ಮಂತ್ರಿಯಾ?" ಅಂತ ಅವಳು.

ಹಾಳೆಗೆ ಮೂವತ್ತೈದನೇ ಸಾಲು ಸೇರಿಸಿದೆ.
ತಂಗಿಯ ಹೆಸರು ಕೇಳಲು ಮರೆತಿದ್ದೆ,
ಪ್ರಬಂಧಗಳಲ್ಲೂ ಹುಡುಕಿದೆ, ಇಲ್ಲ.
ಪದನಾಮದ ಕೆಳಗೆ ಇಬ್ಬರಿಗೂ
ಮಾತಾಡುವವರು ಎಂದು ಬರೆದೆ.
ಸಾಫ್ಟ್‌ವೇರು ಸುಮ್ಮನೆ ತೆಗೆದುಕೊಂಡಿತು.
ಪದ್ಮನಾಭನ್ ಇನ್ನೂ ಫೋನು ಮಾಡಿಲ್ಲ.

ಹಂಚಾಟೆಯವರು ಮಾಡಿದ್ದರು, ರಾತ್ರಿ ಹತ್ತಕ್ಕೆ.
"ಟಿಕೆಟ್ ಬದಲಿ ಮಾಡೀನ್ರಿ ಬಾಯಾರ,
ಈ ಸಲ ಬರೋಬ್ಬರಿ ಐತಿ.
ಇಳದ ಮ್ಯಾಲ ದಾರಿ
ಯಾವ ಭಾಷೇದಾಗ ಕೇಳ್ಬೇಕು?"